ಬಾತ್ಮಿಯೂ ನಂಬಿಕೆಯೂ: ಮೈಸೂರು ಯುದ್ಧಗಳ ಕಾಲದ ಸುದ್ದಿಗಾರರು

1780ರ ಜುಲೈ ತಿಂಗಳಿನಲ್ಲಿ ಹೈದರಾಲಿಯು ದೊಡ್ಡ ಸೈನ್ಯದೊಡನೆ ಘಟ್ಟವನ್ನಿಳಿದು ಪಾಯಿನ್‌ಘಾಟಿನ ಸೀಮೆಗೆ ನುಗ್ಗಿದಾಗ, ಮದರಾಸಿನ ಕೋಟೆಯಲ್ಲಿದ್ದ ಇಂಗ್ಲೀಷರ ಆಡಳಿತ ಮಂಡಲಿಯು ಆ ಸುದ್ದಿಯನ್ನು ಕಡೆಯವರೆಗೂ ನಂಬಲೊಲ್ಲದೆ ಇದ್ದಿತು. ಮುನ್ಸೂಚನೆಗಳು ಬಂದಿರಲಿಲ್ಲವೆಂದಲ್ಲ, ಬಂದುದನ್ನು ತೂಗಿ ನೋಡುವ ಸಾಧನ ಅವರಲ್ಲಿರಲಿಲ್ಲ. ಹಳ್ಳಿಗಳು ಉರಿಯುವ ಹೊಗೆ ಸಂತ ಥಾಮಸ್ ಬೆಟ್ಟದ ಕಡೆಯಿಂದ ಕಣ್ಣಿಗೆ ಬಿದ್ದ ಮೇಲೆಯೇ ಪೇಟೆಯ ಜನರಿಗೂ ಕೋಟೆಯ ಅಧಿಕಾರಿಗಳಿಗೂ ಸಂಗತಿ ಏಕಕಾಲದಲ್ಲಿ ಮನವರಿಕೆಯಾಯಿತು. ಇದಕ್ಕೆ ಹನ್ನೊಂದು ವರ್ಷಗಳ ಹಿಂದೆ, 1769ರಲ್ಲಿ, ಅದೇ ಬೆಟ್ಟದ ಬಳಿ ಹೈದರನು ಹಠಾತ್ತಾಗಿ ಬಂದು ನಿಂತು ತನಗೆ ಬೇಕಾದಂತೆ ಒಪ್ಪಂದವನ್ನು ಬರೆಯಿಸಿಕೊಂಡಿದ್ದನು. ಒಂದೇ ಪಾಠವನ್ನು ಎರಡು ಸಲ ಕಲಿಯಬೇಕಾಗಿ ಬಂದಿತು. 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ಬೇಯ್ಲಿಯ ದಂಡು ಸರ್ವನಾಶವಾದಾಗ ಇಂಗ್ಲೀಷರ ಮುಖ್ಯ ಸೇನೆಯು ಬಹುದೂರದಲ್ಲಿಯೂ ಇರಲಿಲ್ಲ. ಹೈದರನಿಗೆ ಅವರ ಒಂದೊಂದು ಹೆಜ್ಜೆಯೂ ತಿಳಿಯುತ್ತಿದ್ದಿತು. ಅವರಿಗೆ ಹೈದರನ ಹೆಜ್ಜೆ ತಿಳಿಯುತ್ತಿರಲಿಲ್ಲ. ಅವರ ದಾರಿತೋರುಗರೇ ಹೈದರನ ಸಂಬಳದವರಾಗಿದ್ದರೆಂದು ಅಂದೇ ಜನ ಆಡಿಕೊಂಡರು.

ಕಂಪನಿಯವರಲ್ಲಿ ಹಣಕ್ಕೆ ಕೊರತೆಯಿದ್ದರೂ ಗೂಢಚಾರರಿಗೆ ಕೊಡುವಷ್ಟು ಹಣಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಬೇರೊಂದು ಪದಾರ್ಥಕ್ಕೆ. ಒಬ್ಬ ಮನುಷ್ಯನು ತನ್ನ ಊರಿನ, ಒಡೆಯನ, ಕುಲದ ಗುಟ್ಟನ್ನು ಪರಕೀಯನೊಬ್ಬನ ಎದುರಿನಲ್ಲಿ ಏಕೆ ಬಿಚ್ಚಬೇಕು? ಈ ಪ್ರಶ್ನೆಗೆ ಮದರಾಸಿನವರು ಮುಂದಿನ ಮೂವತ್ತು ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡರು. ಆ ಉತ್ತರಗಳ ಫಲವನ್ನು ಅನುಭವಿಸಿದವರಲ್ಲಿ ಹೆಚ್ಚಿನವರು ಕನ್ನಡ ನಾಡಿನವರೇ. ಕನ್ನಡ ನಾಡಿನ ಚರಿತ್ರೆಯ ಸಾಮಗ್ರಿಯ ಒಂದು ದೊಡ್ಡ ಭಾಗವು ಇಂದು ಚೆನ್ನೈಯಲ್ಲಿರುವುದಕ್ಕೂ ಇದೇ ಕಾರಣ. ಆದುದರಿಂದ ವಿಷಯವು ಕೇವಲ ಕುತೂಹಲದ್ದಲ್ಲ.

ನಮ್ಮ ಪೂರ್ವಿಕರಿಗೆ ಈ ಶಾಸ್ತ್ರವು ಹೊಸದಾಗಿರಲಿಲ್ಲ. ಮೈಸೂರಿನ ಓರಿಯಂಟಲ್ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ, ಪರರಾಜ್ಯದಲ್ಲಿ ಒಲಿಸಿಕೊಳ್ಳಬಹುದಾದವರನ್ನು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ: ಕ್ರುದ್ಧರು, ಭೀತರು, ಲುಬ್ಧರು, ಮಾನಿಗಳು. ಅನ್ಯಾಯಕ್ಕೊಳಗಾಗಿ ಕೋಪಗೊಂಡವನು, ಮಾಡಿದ ತಪ್ಪಿಗೆ ದಂಡನೆಯಾದೀತೆಂದು ಅಂಜುವವನು, ಆಸೆಬುರುಕನು, ತನ್ನ ಯೋಗ್ಯತೆಗೆ ತಕ್ಕ ಗೌರವ ದೊರೆಯಲಿಲ್ಲವೆಂದು ಕೊರಗುವವನು. ಇವರಲ್ಲಿ ಪ್ರತಿಯೊಬ್ಬನೊಡನೆಯೂ ಆಡತಕ್ಕ ಮಾತು ಬೇರೆ ಬೇರೆ ಎಂಬುದನ್ನು ಗ್ರಂಥಕರ್ತನು ವಿವರಿಸುತ್ತಾನೆ. ಮನಶ್ಶಾಸ್ತ್ರವೆಂಬ ಹೆಸರು ಹುಟ್ಟುವುದಕ್ಕೆ ಬಹು ಮೊದಲೇ ಇಷ್ಟು ನಿಷ್ಠುರವಾದ ಮನಃಪರೀಕ್ಷೆಯನ್ನು ಬರೆದಿಟ್ಟುದು ಆಶ್ಚರ್ಯಕರ. ಮೈಸೂರಿನ ಅರಸರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ಅಂಚೆಯ ಏರ್ಪಾಡು ಕಾಗದ ಸಾಗಿಸುವುದಕ್ಕೆ ಮಾತ್ರವಲ್ಲ, ಊರೂರಿನ ರಹಸ್ಯವನ್ನು ಅರಮನೆಗೆ ಮುಟ್ಟಿಸುವುದಕ್ಕೂ ಇದ್ದಿತೆಂದು ಕರ್ನಲ್ ವಿಲ್ಕ್ಸನು ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿರುವನು. ಹೈದರನೂ ಟಿಪ್ಪುವೂ ಆ ವ್ಯವಸ್ಥೆಯನ್ನೇ ಬಲಪಡಿಸಿಕೊಂಡರು.

ಮದರಾಸಿನವರಿಗೆ ಮೊದಲು ದೊರೆತವರು ಕ್ರುದ್ಧರೂ ಮಾನಿಗಳೂ ಆದವರು. ಹೈದರನು ಅಧಿಕಾರವನ್ನು ಕೈವಶಮಾಡಿಕೊಂಡ ಮೇಲೆ ಒಡೆಯರ ಮನೆತನವು ಹೆಸರಿಗೆ ಮಾತ್ರ ಉಳಿದಿದ್ದಿತು. ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಅದನ್ನು ಮತ್ತೆ ನಿಲ್ಲಿಸಲು ಹಲವು ವರ್ಷಗಳ ಕಾಲ ರಹಸ್ಯವಾಗಿ ಪ್ರಯತ್ನ ನಡೆಸಿದರು. ಅವರ ಪರವಾಗಿ ಇಂಗ್ಲೀಷರೊಡನೆ ವ್ಯವಹರಿಸಿದವರು ಪ್ರಧಾನ ಮನೆತನದ ತಿರುಮಲರಾಯ, ನಾರಾಯಣರಾಯ ಎಂಬುವರು. 1782ರ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ಕಂಪನಿಯ ಪ್ರತಿನಿಧಿ ಜಾನ್ ಸಲಿವನ್ನನಿಗೂ ತಿರುಮಲರಾಯನಿಗೂ ಒಂದು ಒಪ್ಪಂದವಾಯಿತು. ನಡುವೆ ಮಾತು ತಿಳಿಯಿಸಿಕೊಟ್ಟವನು ಪಾದ್ರಿ ಷ್ವಾರ್ಟ್ಸ್.

ಈ ಷ್ವಾರ್ಟ್ಸನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 1750ರಲ್ಲಿ ಭಾರತಕ್ಕೆ ಬಂದ ಈ ಜರ್ಮನ್ ಪಾದ್ರಿಯು ತಮಿಳನ್ನೂ ಹಿಂದೂಸ್ತಾನಿಯನ್ನೂ ಚೆನ್ನಾಗಿ ಬಲ್ಲವನು. ತೀರ ಸರಳವಾಗಿ ಬದುಕಿದವನು. 1779ರಲ್ಲಿ ಗವರ್ನರ್ ರಂಬೋಲ್ಡನು ಹೈದರನ ಮನಸ್ಸನ್ನು ತಿಳಿದುಬರಲು ಶ್ರೀರಂಗಪಟ್ಟಣಕ್ಕೆ ಇವನನ್ನೇ ಕಳುಹಿಸಿದನು. ಹೈದರನು ಕಂಪನಿಯವರನ್ನು ನಂಬುತ್ತಿರಲಿಲ್ಲ, ಪಾದ್ರಿಯನ್ನು ನಂಬಿದನು. ತನ್ನ ದೂರುಗಳನ್ನೆಲ್ಲ ಅವನೊಡನೆ ಹೇಳಿಕೊಂಡನು. ಅವನು ಕೊಟ್ಟ ಹಣದ ಉಡುಗೊರೆಯನ್ನು ಪಾದ್ರಿಯು ಸ್ವಂತಕ್ಕೆ ಇಟ್ಟುಕೊಳ್ಳಲಿಲ್ಲ. ಆದರೆ ಆ ಹೊತ್ತಿಗಾಗಲೇ ಕಂಪನಿಯು ಹೈದರನ ರಕ್ಷಣೆಯಲ್ಲಿದ್ದ ಮಾಹೆಯನ್ನು ಹಿಡಿದಿದ್ದಿತು. ಒಬ್ಬನ ಪ್ರಾಮಾಣಿಕತೆಯನ್ನು ಇನ್ನೊಬ್ಬರು ಮುಖವಾಡವಾಗಿ ತೊಟ್ಟುಕೊಂಡರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಪಾದ್ರಿಯನ್ನು ನಂಬಿದ ಹೈದರನು ಮರುವರ್ಷವೇ ಪಾದ್ರಿಯನ್ನು ಕಳುಹಿಸಿದವರ ಮೇಲೆ ದಂಡೆತ್ತಿ ಬಂದನು.

ತಿರುಮಲರಾಯನಲ್ಲಿ ಕೌಟಿಲ್ಯನ ನಾಲ್ಕು ಗುಣಗಳಲ್ಲಿ ಮೂರಾದರೂ ಕೂಡಿದ್ದವು. ಸ್ವಾಮಿಭಕ್ತಿಯಿಂದ ಹುಟ್ಟಿದ ಕೋಪವಿದ್ದಿತು. ಪ್ರಧಾನಗಿರಿ ತಪ್ಪಿದ ಮಾನಭಂಗವಿದ್ದಿತು. ರಾಜ್ಯವು ಮರಳಿ ಬಂದರೆ ಆದಾಯದಲ್ಲಿ ನೂರಕ್ಕೆ ಹತ್ತು ಪಾಲನ್ನೂ ವಂಶಪಾರಂಪರ್ಯವಾದ ಪ್ರಧಾನ ಪದವಿಯನ್ನೂ ಪಡೆಯುವ ಭರವಸೆ ರಾಣಿಯವರಿಂದ ದೊರೆತಿದ್ದಿತು. ಇಂತಹ ಸುದ್ದಿಗಾರನೊಡನೆ ಸ್ನೇಹ ಬೆಳೆಸುವುದು ಸುಲಭ. ಕೇಳುವವನು ತಲೆಯಾಡಿಸಿದರೆ ಸಾಕು. ಆದರೆ ಅವನು ತರುವ ಸುದ್ದಿಯನ್ನು ನಂಬುವುದು ಕಷ್ಟ. ಶ್ರೀರಂಗಪಟ್ಟಣದ ಜನವೆಲ್ಲ ಹಳೆಯ ದೊರೆಗಳಿಗಾಗಿ ಎದ್ದುನಿಲ್ಲಲು ಕಾದಿದ್ದಾರೆಂಬುದು ಅವನ ಆಸೆಯೂ ಹೌದು, ಸಲಿವನ್ನನು ಕೇಳಬಯಸಿದ ಮಾತೂ ಹೌದು. ಇಬ್ಬರ ಬಯಕೆಯೂ ಒಂದಾದ ಕಡೆ ಸಂಶಯಕ್ಕೆ ಎಡೆ ಉಳಿಯುವುದಿಲ್ಲ.

ಇದರ ಬೆಲೆಯನ್ನು ತೆತ್ತವರು ಬೇರೆಯವರು. 1783ರ ಜುಲೈನಲ್ಲಿ, ಟಿಪ್ಪುವು ಪಶ್ಚಿಮ ಕರಾವಳಿಯಲ್ಲಿ ಯುದ್ಧದಲ್ಲಿ ತೊಡಗಿದ್ದಾಗ, ರಾಜಧಾನಿಯ ಕೋಟೆಯನ್ನು ಹಿಡಿಯುವ ಒಂದು ಒಳಸಂಚು ಹೊರಬಿದ್ದಿತು. ಕೋಟೆಯೊಳಗಿನ ಅಧಿಕಾರಿ ನರಸಿಂಗರಾಯನೇ ಮೊದಲಾದವರು ಹತರಾದರು. ಅಂಚೆಯ ಮುಖ್ಯನಾದ ಶಾಮಯ್ಯನು ಸೆರೆಗೆ ಬಿದ್ದನು. ಸುದ್ದಿಯ ವ್ಯವಸ್ಥೆಯ ಒಡೆಯನ ಮೇಲೆಯೇ ಸಂಶಯ ಬಂದುದು ಗಮನಿಸತಕ್ಕ ಸಂಗತಿ; ರಾಜ್ಯದ ಕಿವಿಯೇ ರಾಜ್ಯಕ್ಕೆ ಪರಕೀಯವಾಯಿತು. ಮರುವರ್ಷ, 1784ರ ಮಾರ್ಚ್ 11ರಂದು, ಕಂಪನಿಯವರು ಟಿಪ್ಪುವಿನೊಡನೆ ಮಂಗಳೂರಿನಲ್ಲಿ ಒಪ್ಪಂದ ಮಾಡಿಕೊಂಡರು. ಅದರಲ್ಲಿ ಒಡೆಯರ ಮನೆತನದ ಹಕ್ಕಿನ ಮಾತಿರಲಿಲ್ಲ. 1799ರಲ್ಲಿ ರಾಜ್ಯವು ಬಾಲಕ ಕೃಷ್ಣರಾಜರಿಗೆ ಮರಳಿದಾಗ ತಿರುಮಲರಾಯನು ತನ್ನ ಹಳೆಯ ಪತ್ರವನ್ನು ಮುಂದಿಟ್ಟನು. ದಿವಾನಗಿರಿ ದೊರೆತುದು ಪೂರ್ಣಯ್ಯನಿಗೆ, ಎಂದರೆ ಕಡೆಯ ದಿನದವರೆಗೂ ಟಿಪ್ಪುವಿನ ಸೇವೆಯಲ್ಲಿದ್ದವನಿಗೆ. ಸುದ್ದಿ ತಂದವನಿಗಿಂತ ಲೆಕ್ಕ ಬಲ್ಲವನು ಗೆದ್ದವರಿಗೆ ಹೆಚ್ಚು ಬೇಕಾಗಿದ್ದನು.

1784ರ ಅನಂತರ ಮದರಾಸಿನವರು ಕ್ರಮವನ್ನು ಬದಲಾಯಿಸಿದರು. ದೊಡ್ಡವರ ದೊಡ್ಡ ಮಾತುಗಳನ್ನು ನೆಚ್ಚುವುದರ ಬದಲು ಗಡಿಯಲ್ಲಿ ಸಣ್ಣವರಿಂದ ಸಣ್ಣ ಸಂಗತಿಗಳನ್ನು ಪ್ರತಿದಿನವೂ ಕೂಡಿಸತೊಡಗಿದರು. ಬಾರಾಮಹಲಿನ ಅಂಚಿನಲ್ಲಿರುವ ಆಂಬೂರಿನಲ್ಲಿ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡನ ಕೈಕೆಳಗೆ ಬಾತ್ಮಿಯ ಇಲಾಖೆಯೊಂದು ನಡೆಯುತ್ತಿದ್ದಿತು. 1788ರಲ್ಲಿ ಅವನಿಗೆ ಸಹಾಯಕನಾಗಿ ಬಂದ ತರುಣನು ಮುಂದೆ ಮದರಾಸಿನ ಗವರ್ನರನಾದ ಥಾಮಸ್ ಮನ್ರೋ. ಹರಿಕಾರರು, ವರ್ತಕರು, ಯಾತ್ರಿಕರು, ಘಟ್ಟ ಹತ್ತಿ ಇಳಿಯುವ ಎತ್ತಿನ ಹೇರಿನವರು ಎಲ್ಲರೂ ಹಾದುಹೋಗುವ ದಾರಿಯಲ್ಲಿ ಆ ಊರು ಇದ್ದಿತು. ರೀಡನೂ ಮನ್ರೋವೂ ಜನರ ಭಾಷೆಯನ್ನು ಕಲಿತವರು. ನಡುವೆ ದುಭಾಷಿಯಿಲ್ಲದೆ ಕೇಳುವವನ ಎದುರಿನಲ್ಲಿ ಹೇಳುವವನಿಗೆ ಒಂದು ಭಯ ಕಡಮೆ: ತನ್ನ ಮಾತು ಮೂರನೆಯವನ ಕಿವಿಗೆ ಬೀಳುವುದಿಲ್ಲ. ಇದು ಸಣ್ಣ ಸಂಗತಿಯಂತೆ ತೋರಬಹುದು. ಆದರೆ ಪ್ರಾಣವನ್ನು ಪಣವಾಗಿಟ್ಟು ಬಂದವನಿಗೆ ಅದು ಸಣ್ಣದಲ್ಲ.

ಪ್ರಾಣದ ಮಾತು ಅಲಂಕಾರಕ್ಕಾಗಿ ಹೇಳಿದುದಲ್ಲ. 1791ರಲ್ಲಿ ಕಾರ್ನ್‌ವಾಲಿಸನು ಬೆಂಗಳೂರನ್ನು ಹಿಡಿದು ಶ್ರೀರಂಗಪಟ್ಟಣದತ್ತ ನಡೆದಾಗ, ಟಿಪ್ಪುವಿನ ಖಜಾನೆಯ ಅಧಿಕಾರಿಯಾದ ಕೃಷ್ಣರಾಯನು ಇಂಗ್ಲೀಷರೊಡನೆ ಪತ್ರವ್ಯವಹಾರ ನಡೆಸಿದನೆಂಬ ಸಂಶಯದ ಮೇಲೆ ಹತನಾದನು. ಹಾಗೆ ಸತ್ತವನು ನಿಜವಾಗಿ ಅಪರಾಧಿಯೋ, ಯಾರದೋ ಹಗೆಗೆ ಬಲಿಯೋ ಎಂಬುದನ್ನು ಇಂದು ತೀರ್ಮಾನಿಸುವುದು ಸಲ್ಲದು. ಗುಟ್ಟಿನ ಪೇಟೆಯು ಬೆಳೆದಂತೆಲ್ಲ ಸಂಶಯದ ಪೇಟೆಯೂ ಬೆಳೆಯುತ್ತದೆ. ಒಂದು ರಾಜ್ಯವನ್ನು ಒಳಗಿನಿಂದ ಹಾಳುಮಾಡುವುದಕ್ಕೆ ಕೆಲವು ವೇಳೆ ಗೂಢಚಾರರ ಇರವಿಗಿಂತ ಅವರು ಇದ್ದಾರೆಂಬ ಗುಮಾನಿಯೇ ಸಾಕಾಗುತ್ತದೆ. ಮೀರ್ ಸಾದಕನ ಹೆಸರು 1799ರ ನಂತರ ಜನರ ಬಾಯಲ್ಲಿ ಬೈಗುಳವಾಗಿ ನಿಂತಿರುವುದು ಎಲ್ಲರಿಗೂ ತಿಳಿದುದೇ ಆದುದರಿಂದ ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಧಾನ್ಯವಿಲ್ಲದೆ ಸೊರಗಿ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಿಂದಿರುಗಬೇಕಾಯಿತು. ಆ ಮೇಲೆ ಬಂಜಾರರ ಎತ್ತಿನ ಹಿಂಡುಗಳನ್ನು ಇಂಗ್ಲೀಷರ ಕಡೆಗೆ ತಿರುಗಿಸುವುದರಲ್ಲಿ ಮುಖ್ಯ ಪಾತ್ರ ವಹಿಸಿದವನು ಇದೇ ರೀಡ್. ಬಂಜಾರರು ಯಾರ ಪ್ರಜೆಗಳೂ ಅಲ್ಲ. ಎರಡು ಪಕ್ಷಕ್ಕೂ ಮಾರಬಲ್ಲವರು. ಅವರನ್ನು ಒಲಿಸಿಕೊಳ್ಳಲು ದ್ವೇಷವನ್ನಾಗಲಿ ಮಾನವನ್ನಾಗಲಿ ಕೆಣಕುವುದರಿಂದ ಪ್ರಯೋಜನವಿರಲಿಲ್ಲ. ಹೇಳಿದ ಬೆಲೆಯನ್ನು ಹೇಳಿದ ದಿನ ಕೊಡುವವನೆಂಬ ಹೆಸರು ಬೇಕಾಗಿದ್ದಿತು. ಲೇವಾದೇವಿಯವರು ಇದನ್ನು ಪತ್ತು ಎನ್ನುತ್ತಾರೆ. ಅದನ್ನು ಒಂದೇ ದಿನದಲ್ಲಿ ಸಂಪಾದಿಸುವಂತಿಲ್ಲ, ಕಳೆಯುವುದಕ್ಕೆ ಮಾತ್ರ ಒಂದು ದಿನ ಸಾಕು.

1792ರಲ್ಲಿ ಬಾರಾಮಹಲು ಕಂಪನಿಗೆ ಸೇರಿತು. ಮದರಾಸಿನ ಸಿವಿಲ್ ಅಧಿಕಾರಿಗಳಿಗೆ ಜನರ ಭಾಷೆ ಬಾರದೆಂಬ ಕಾರಣದಿಂದ ಕಾರ್ನ್‌ವಾಲಿಸನು ರೀಡನನ್ನೇ ಅಲ್ಲಿಯ ಕಲೆಕ್ಟರನನ್ನಾಗಿ ಮಾಡಿ, ಮನ್ರೋ ಮೊದಲಾದ ಸೈನ್ಯದ ಅಧಿಕಾರಿಗಳನ್ನು ಅವನ ಸಹಾಯಕ್ಕೆ ಕೊಟ್ಟನು. ನಿನ್ನೆಯವರೆಗೆ ಸುಲ್ತಾನನ ದಂಡು ಎಲ್ಲಿದೆಯೆಂದು ಕೇಳುತ್ತಿದ್ದವರು ಇಂದು ಈ ಹೊಲದಲ್ಲಿ ಎಷ್ಟು ಖಂಡುಗ ಬೆಳೆಯುವುದೆಂದು ಕೇಳತೊಡಗಿದರು. ಹೊಲ ಹೊಲವೂ ಅಳತೆಯಾಯಿತು. ಪರದೇಶದವನ ಪ್ರಶ್ನೆಯ ಹಿಂದೆ ಕಂದಾಯದ ಹಗ್ಗ ಇರುವುದೆಂಬುದನ್ನು ರೈತನು ಕಲಿತನು. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಡಾಕ್ಟರ್ ಬುಕಾನನ್ನನಿಗೆ ಈ ಪಾಠದ ಫಲ ಚೆನ್ನಾಗಿ ಅನುಭವಕ್ಕೆ ಬಂದಿತು. ಅವನು ಬುದ್ಧಿವಂತ, ಪರಿಶ್ರಮಿ. ಅವನ ಮೂರು ಸಂಪುಟಗಳಿಲ್ಲದೆ ಆ ಕಾಲದ ಬೇಸಾಯದ ಚರಿತ್ರೆಯನ್ನು ಬರೆಯುವಂತಿಲ್ಲ. ಆದರೆ ದುಭಾಷಿಯ ಮೂಲಕ, ಪ್ರಯಾಣದ ಅವಸರದಲ್ಲಿ, ಊರಿನ ಅಧಿಕಾರಿಗಳ ಎದುರಿನಲ್ಲಿ ಕೇಳಿದ ಪ್ರಶ್ನೆಗೆ ಜನರು ಎಂತಹ ಉತ್ತರ ಕೊಟ್ಟಾರು? ರೈತರು ನಿಜವಾದ ಇಳುವರಿಯನ್ನು ಮರೆಮಾಚುತ್ತಾರೆಂದು ಅವನು ಗೊಣಗುತ್ತಾನೆ. ಮರೆಮಾಚದಿದ್ದರೆ ಅವರು ದಡ್ಡರಾಗುತ್ತಿದ್ದರು.

ಅದೇ ವರ್ಷ, ಅದೇ ಸೀಮೆಯಲ್ಲಿ, ಅದೇ ಕಂಪನಿಯ ಪರವಾಗಿ ಇನ್ನೊಬ್ಬನು ಕೆಲಸಕ್ಕೆ ತೊಡಗಿದನು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಿಂದ 1783ರಲ್ಲಿ ಮದರಾಸಿಗೆ ಬಂದ ಕಾಲಿನ್ ಮೆಕೆಂಜಿ, ಎರಡು ಮೈಸೂರು ಯುದ್ಧಗಳಲ್ಲಿ ಇಂಜಿನಿಯರಾಗಿ ದುಡಿದು, 1800ರಿಂದ ಮೈಸೂರು ಸೀಮೆಯ ಸರ್ವೆಯನ್ನು ಕೈಕೊಂಡನು. ಸುಮಾರು 40,000 ಚದರ ಮೈಲಿಗಳ ವಿಸ್ತಾರ. ಹತ್ತು ವರ್ಷದ ಕೆಲಸ. ನೆಲವನ್ನಳೆಯುವುದರ ಜೊತೆಗೆ ಊರುಗಳ ಕೈಫಿಯತ್ತು, ಶಾಸನ, ವಂಶಾವಳಿ, ಸ್ಥಳಪುರಾಣಗಳನ್ನೂ ಕೂಡಿಸಬೇಕೆಂಬುದು ಅವನ ಸಂಕಲ್ಪ. ಆದರೆ ಅವನಿಗೆ ನಮ್ಮ ಯಾವ ಭಾಷೆಯೂ ಬಾರದು. ರೀಡನಿಗಿದ್ದ ಅನುಕೂಲವೂ ಇವನಿಗಿರಲಿಲ್ಲ.

ಬಾಗಿಲನ್ನು ತೆರೆದವನು ಏಲೂರಿನ ಕಾವಲಿ ವೆಂಕಟ ಬೋರಯ್ಯ. 1796ರ ಸುಮಾರಿನಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಅವನು ಮೆಕೆಂಜಿಯ ಬಳಿ ಸೇರಿದನು. ಶ್ರೀರಂಗಪಟ್ಟಣದ ವಿಷಯವಾಗಿ ತೆಲುಗಿನಲ್ಲಿ ಕಾವ್ಯ ಬರೆದವನೆಂದು ಅವನ ತಮ್ಮ ರಾಮಸ್ವಾಮಿಯು 1829ರ ತನ್ನ ಗ್ರಂಥದಲ್ಲಿ ತಿಳಿಸುತ್ತಾನೆ. 1803ರಲ್ಲಿ ಬೋರಯ್ಯ ತೀರಿಕೊಂಡನು. ಹದಿನಾಲ್ಕು ವರ್ಷಗಳ ಮೇಲೆ, 1817ರಲ್ಲಿ, ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಮೆಕೆಂಜಿಯು ಭಾರತದ ಜ್ಞಾನಕ್ಕೆ ತನಗೆ ಪ್ರವೇಶ ದೊರೆತುದು ಬೋರಯ್ಯನ ಪರಿಚಯದಿಂದಲೇ ಎಂದು ಮುಕ್ತಕಂಠದಿಂದ ಒಪ್ಪಿಕೊಂಡಿದ್ದಾನೆ. ಅಲ್ಲಿ ಅವನು ಹೊಗಳುವುದು ಬೋರಯ್ಯನ ಪಾಂಡಿತ್ಯವನ್ನು ಮಾತ್ರವಲ್ಲ. ಎಲ್ಲ ಮತದವರನ್ನೂ ಎಲ್ಲ ಕುಲದವರನ್ನೂ ಈ ವಿಚಾರಣೆಗೆ ಒಗ್ಗಿಸಿದ ಅವನ ಸಮಾಧಾನದ ಸ್ವಭಾವವನ್ನು. ಸೈನಿಕನೊಬ್ಬನು ತನ್ನ ಸಹಾಯಕನಲ್ಲಿ ಈ ಗುಣವನ್ನು ಗುರುತಿಸಿದುದು ವಿಶೇಷ.

ಒಗ್ಗಿಸುವುದೆಂದರೇನು? ಒಂದು ತಾಮ್ರಶಾಸನವನ್ನೇ ತೆಗೆದುಕೊಳ್ಳಬಹುದು. ಇಂದಿನವರಿಗೆ ಅದು ಚರಿತ್ರೆಯ ಆಧಾರ. ಅಂದಿನ ಅಗ್ರಹಾರದವನಿಗೂ ಬಸದಿಯ ಪೂಜಾರಿಗೂ ಅದು ಭೂಮಿಯ ಏಕಮಾತ್ರ ದಸ್ತಾವೇಜು. ಅದನ್ನು ಸರ್ಕಾರದ ಮನುಷ್ಯನಿಗೆ ತೋರಿಸುವುದೆಂದರೆ ಮಾನ್ಯವು ಇದೆಯೆಂದು ಒಪ್ಪಿಕೊಂಡಂತೆ. ಅವನ ಕೈಗೆ ಕೊಡುವುದೆಂದರೆ ಮಾನ್ಯವನ್ನೇ ಕೊಟ್ಟಂತೆ. ಅದರಲ್ಲಿ ದೋಷ ಕಂಡುಬಂದರೆ ನೆಲ ಹೋಯಿತು. ಇನ್ನು ಕೆಲವರು ಇದಕ್ಕೆ ವಿರುದ್ಧವಾಗಿ, ಸಾಹೇಬನ ಕಾಗದದಲ್ಲಿ ಬರೆಯಿಸಿಬಿಟ್ಟರೆ ಕಳೆದುಹೋದ ಪಾಳೆಯಪಟ್ಟು ಮರಳೀತೆಂಬ ಆಸೆಯಿಂದ ತಾವಾಗಿ ಬಂದು ಹೇಳುತ್ತಿದ್ದರು. ಭೀತನನ್ನು ಮಾತಾಡಿಸಬೇಕು, ಲುಬ್ಧನ ಮಾತನ್ನು ಸೋಸಬೇಕು. ಕಂದಾಯದ ವಿಷಯದಲ್ಲಿ ಕೈಹಾಕಕೂಡದೆಂದು ಮೆಕೆಂಜಿಯು ತನ್ನವರಿಗೆ ಕಟ್ಟುಮಾಡಿದ್ದು ಇದಕ್ಕಾಗಿಯೇ ಎಂದು ಊಹಿಸುವುದು ಸರಿಯಾದೀತು. ಅವನ ಪರಿವಾರದಲ್ಲಿ ಬ್ರಾಹ್ಮಣರಿದ್ದರು, ಜೈನರಿದ್ದರು, ಮುಸಲ್ಮಾನರಿದ್ದರು, ಕ್ರೈಸ್ತರಿದ್ದರು. ಜೈನರ ಬಳಿಗೆ ಜೈನ ಪಂಡಿತ ಧರ್ಮಯ್ಯನು ಹೋದರೆ ಕೇಳುವ ಪ್ರಶ್ನೆಯೇ ಬೇರೆಯಾಗುತ್ತಿದ್ದಿತು. ಶ್ರವಣಬೆಳಗೊಳದ ಮಠಾಧಿಪತಿಗಳು ತಿಳಿಸಿದ ವೃತ್ತಾಂತವೂ, ಮುದ್ಗೇರಿಯ ಜೈನ ಪುರೋಹಿತನು ಹೇಳಿ ಬೋರಯ್ಯನು ಅನುವಾದಿಸಿದ ವಿವರವೂ ಏಷ್ಯಾಟಿಕ್ ರಿಸರ್ಚಸ್ ಎಂಬ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ 1807ರಲ್ಲಿ ಅಚ್ಚಾದುವು. ಯೂರೋಪಿನ ವಿದ್ವಾಂಸರಿಗೆ ಜೈನಧರ್ಮವೆಂಬುದೊಂದು ಬೇರೆಯೇ ಇದೆಯೆಂಬುದನ್ನು ತಿಳಿಯಿಸಿದ ಮೊದಲ ಬರಹಗಳಲ್ಲಿ ಇವು ಸೇರಿವೆ.

1816ರಲ್ಲಿ ಮದರಾಸಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೆಕೆಂಜಿಯ ಭಾವಚಿತ್ರದಲ್ಲಿ ಅವನೊಬ್ಬನೇ ನಿಂತಿಲ್ಲ. ಓಲೆಗರಿಯ ಕಟ್ಟನ್ನು ಹಿಡಿದ ಪಂಡಿತನೂ, ದೂರದರ್ಶಕವನ್ನು ಹಿಡಿದ ಜವಾನನೂ, ಇನ್ನೊಬ್ಬ ಸಹಾಯಕನೂ ಸುತ್ತಲಿದ್ದಾರೆ. ಹಿನ್ನೆಲೆಯ ಗುಡ್ಡದ ಮೇಲೆ ಕಾಣುವ ಮೂರ್ತಿಯು ಕಾರ್ಕಳದ ಗೊಮ್ಮಟನೆಂದು ಗುರುತಿಸಲಾಗಿದೆ. ಆ ಕಾಲದ ಸಾಹೇಬರ ಚಿತ್ರಗಳಲ್ಲಿ ಸೇವಕರು ಅಪರೂಪವಲ್ಲ. ಆದರೆ ಪಂಡಿತರು ಅಪರೂಪ.

ಆದರೂ ಈ ಸ್ನೇಹಕ್ಕೆ ಒಂದು ಮೇರೆಯಿದ್ದಿತು. ಮೆಕೆಂಜಿಯು 1821ರಲ್ಲಿ ಕಲ್ಕತ್ತೆಯ ಬಳಿ ತೀರಿಕೊಂಡ ಮೇಲೆ ಕಂಪನಿಯು ಅವನ ಸಂಗ್ರಹವನ್ನು ವಿಧವೆಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ವಿಲ್ಸನ್ನನು 1828ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ಅದರಲ್ಲಿ 1,568 ಗ್ರಂಥಗಳೂ 2,070 ಸ್ಥಳ ವೃತ್ತಾಂತಗಳೂ 8,076 ಶಾಸನದ ಪ್ರತಿಗಳೂ 6,218 ನಾಣ್ಯಗಳೂ ಇದ್ದುವು. ಬೋರಯ್ಯನ ತಮ್ಮ ಲಕ್ಷ್ಮಯ್ಯನು ಅಣ್ಣನ ನಂತರ ಹದಿನೆಂಟು ವರ್ಷ ಈ ಕೆಲಸವನ್ನು ನಡೆಸಿದವನು. ಅವನು ಮದರಾಸಿನಲ್ಲಿದ್ದುಕೊಂಡು 1830ರ ದಶಕದಲ್ಲಿ ಸಂಗ್ರಹವನ್ನು ಮುಂದುವರಿಸಲು ಅಪ್ಪಣೆ ಬೇಡಿದನು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಜೇಮ್ಸ್ ಪ್ರಿನ್ಸೆಪ್ ಮೊದಲಾದವರು ಒಪ್ಪಲಿಲ್ಲ. ಸಾಮಗ್ರಿಯನ್ನು ಕೂಡಿಸಲು ದೇಶೀಯನು ತಕ್ಕವನೇ. ಅದರಿಂದ ತತ್ತ್ವವನ್ನು ತೆಗೆಯುವ ವಿಮರ್ಶೆಯ ಬುದ್ಧಿ ಅವನಲ್ಲಿಲ್ಲ ಎಂಬುದು ಅವರ ವಾದದ ತಿರುಳು. ಹೇಳಿಸುವ ಕಲೆಯೇ ಅರ್ಧ ವಿಮರ್ಶೆಯೆಂಬುದು ಅವರಿಗೆ ಹೊಳೆಯಲಿಲ್ಲ. ಯಾರು ಏಕೆ ಹೇಳಿದರು, ಯಾರು ಏನನ್ನು ಬಿಟ್ಟರು ಎಂಬುದನ್ನು ಕಣ್ಣಾರೆ ಕಂಡಿದ್ದವನು ಲಕ್ಷ್ಮಯ್ಯನೊಬ್ಬನೇ. ಅವನನ್ನು ಹೊರಗಿಟ್ಟುದರಿಂದ ಸಂಗ್ರಹವು ಉಳಿಯಿತು. ಆ ತಿಳಿವಳಿಕೆ ಅಳಿಯಿತು. ಮುಂದೆ ದಕ್ಷಿಣದ ಭಾಷೆಗಳ ಪ್ರತಿಗಳು ಮದರಾಸಿಗೆ ಮರಳಿ, ಕಡೆಗೆ ಇಲ್ಲಿಯ ಸರ್ಕಾರಿ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯವನ್ನು ಸೇರಿದುವು. ಕನ್ನಡದ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಹೊರಬಂದಿವೆ. ಅವುಗಳನ್ನು ಬಳಸುವವರು ಪ್ರತಿಯೊಂದು ಕೈಫಿಯತ್ತಿನ ಹಿಂದೆಯೂ ಒಬ್ಬ ಕರಣಿಕನ ಭಯವನ್ನೋ ಆಸೆಯನ್ನೋ ಅಭಿಮಾನವನ್ನೋ ಹುಡುಕಬೇಕಾಗುವುದು. ಆ ಕೆಲಸ ಇನ್ನೂ ಹೆಚ್ಚಾಗಿ ನಡೆದಿಲ್ಲ.

ಸುದ್ದಿಗಾರನು ತಾನೇ ಬಾಯಿಬಿಟ್ಟು ಹೇಳಿದ ಅಪರೂಪದ ಸಾಕ್ಷ್ಯವೊಂದು ಕನ್ನಡದಲ್ಲಿದೆ. 1804ರಲ್ಲಿ ಮೆಕೆಂಜಿಯ ಪಾಳೆಯವು ಚಾಮರಾಜನಗರದ ಸೀಮೆಯ ಮಲೆಯೂರು ಕನಕಗಿರಿಗೆ ಬಂದಿತು. ಸ್ಥಳದ ಇತಿಹಾಸವನ್ನು ಲಕ್ಷ್ಮಯ್ಯನ ಮೂಲಕ ಕೇಳಿದಾಗ, ಅಲ್ಲಿಯ ಜೈನ ವಿದ್ವಾಂಸ ದೇವಚಂದ್ರನು ತಾನು ರಚಿಸಿದ ಪೂಜ್ಯಪಾದ ಚರಿತೆಯನ್ನು ಮುಂದಿಟ್ಟನು. ಪಾಳೆಯದವರು ಅವನನ್ನು ಕೆಲವು ಕಾಲ ಜೊತೆಯಲ್ಲಿಟ್ಟುಕೊಂಡು, ಹಿಂದಿನ ಕಥೆಗಳನ್ನೆಲ್ಲ ಬರೆದುಕೊಡುವಂತೆ ಹೇಳಿದರು. ಇಲ್ಲಿ ಕ್ರೋಧವಿಲ್ಲ, ಭೀತಿಯಿಲ್ಲ. ದೊರೆತ ಅಲ್ಪ ಸಂಭಾವನೆಯನ್ನು ಲೋಭವೆನ್ನಲಾಗದು. ಮಾನಿಯೆಂದರೆ ಮಾನಿಯೇ; ಆದರೆ ಅವನ ಮಾನಕ್ಕೆ ಧಕ್ಕೆಯಾಗಿದ್ದುದು ಯಾವ ದೊರೆಯಿಂದಲೂ ಅಲ್ಲ, ಕೇಳುವವರೇ ಇಲ್ಲದ ಕಾಲದಿಂದ. ತನ್ನ ಬೆಟ್ಟದ, ತನ್ನ ಗುರುಪರಂಪರೆಯ ಕಥೆಯನ್ನು ಇಷ್ಟು ದೂರದಿಂದ ಬಂದವನೊಬ್ಬನು ಕೇಳಿದನೆಂಬುದೇ ಅವನಿಗೆ ಸಾಕಾಗಿತ್ತೆಂದು ತೋರುತ್ತದೆ. ಈ ಸಂಗತಿಯನ್ನು ಅವನೇ ತನ್ನ ರಾಜಾವಳೀ ಕಥೆಯಲ್ಲಿ ದಾಖಲಿಸಿದ್ದಾನೆ. ಆ ಗ್ರಂಥದ ಕಾಲಗಣನೆಯನ್ನು ನಂಬುವಂತಿಲ್ಲ, ಮತಾಭಿಮಾನವೂ ಅದರಲ್ಲಿ ಸಾಕಷ್ಟಿದೆ. ಆದರೂ ಭದ್ರಬಾಹು ಚಂದ್ರಗುಪ್ತರ ಐತಿಹ್ಯವನ್ನು ವಿವೇಚಿಸುವಾಗ ಬಿ. ಎಲ್. ರೈಸರು ಅದನ್ನು ಎದುರಿಗಿಟ್ಟುಕೊಳ್ಳಲೇಬೇಕಾಯಿತು.

ದೇವಚಂದ್ರನು ಆ ಗ್ರಂಥವನ್ನು ಮುಗಿಸಿದುದು 1838ರ ಸುಮಾರಿಗೆ. ಅಷ್ಟು ಹೊತ್ತಿಗೆ ಪ್ರಶ್ನೆ ಕೇಳಿದವನು ಸತ್ತು ಹದಿನೇಳು ವರ್ಷಗಳಾಗಿದ್ದುವು. ಗ್ರಂಥವು ಮದರಾಸಿಗೂ ಹೋಗಲಿಲ್ಲ, ಕಲ್ಕತ್ತೆಗೂ ಹೋಗಲಿಲ್ಲ. ಅವನು ಅದನ್ನು ಮೈಸೂರು ಅರಮನೆಯ ದೇವೀರಮ್ಮಣ್ಣಿಯವರಿಗೆ ಒಪ್ಪಿಸಿದನು.